ಎತ್ತಣಿಂದೆತ್ತ ನಂಟು: ಹಳೆಯ ಕಾರುಗಳ ಒಗಟು ಕಟ್ಟುವ, ಹಂಚುವ ಬಗೆ

ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್ಲಿಗೂ ಜರ್ಮನಿಯ ಆಡಿ ಕಾರಿನ ಮೂತಿಯ ಮೇಲಿರುವ ನಾಲ್ಕು ಬಳೆಗಳಿಗೂ ಏನು ಸಂಬಂಧ? ಹಳೆಯ ವಾಹನಗಳನ್ನು ಪ್ರೀತಿಸುವವರು ಸೇರಿದ ಕಡೆ ಈ ಪ್ರಶ್ನೆಯನ್ನು ಕೇಳಿ ನೋಡಿ. ಮೊದಲು ಎಲ್ಲರೂ ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ‘ಜಾವಾ ಜೆಕ್ ದೇಶದ್ದಲ್ಲವೇ, ಜರ್ಮನಿ ಎಲ್ಲಿಂದ ಬಂತು?’ ಎಂದು ಕೇಳುತ್ತಾರೆ, ಅಲ್ಲಿಂದ ಮಾತು ಬಿಚ್ಚಿಕೊಳ್ಳುತ್ತದೆ. ಉತ್ತರ ಆ ಹೆಸರಿನೊಳಗೇ ಅಡಗಿದೆ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿಯ ಮೋಟಾರ್‌ಸೈಕಲ್ ತಯಾರಿಸುವ ಹಕ್ಕನ್ನು ಪಡೆದು, ತಮ್ಮ ಹೆಸರಿನ ಮೊದಲ ತುಣುಕಿಗೆ ವಾಂಡರರ್‌ನ ಮೊದಲ ತುಣುಕನ್ನು ಜೋಡಿಸಿದರು. ಜೆಕ್ ಬಾಯಲ್ಲಿ ಅದು ‘ಯಾವಾ’. ರೋಮನ್ ಲಿಪಿಯ ‘ಜೆ’ ಅಕ್ಷರವನ್ನು ನಾವು ಓದುವ ರೀತಿಯಿಂದಾಗಿ ನಮ್ಮಲ್ಲಿ ‘ಜಾವಾ’ ಆಯಿತು. ಅದೇ ವಾಂಡರರ್‌ನ ಕಾರು ವಿಭಾಗವು 1932ರಲ್ಲಿ ಆಡಿ, ಡಿಕೆಡಬ್ಲ್ಯು ಮತ್ತು ಹೋರ್ಶ್ ಕಂಪನಿಗಳೊಡನೆ ಸೇರಿ ಆಟೋ ಯೂನಿಯನ್ ಹುಟ್ಟಿತು, ನಾಲ್ಕು ಕಂಪನಿಗಳಿಗೆ ನಾಲ್ಕು ಬಳೆಗಳು ಬಂದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಎಂಬ ಹೆಸರಿನಲ್ಲಿ ಹೊರಬಂದ ಗಾಡಿಗಳ ಟ್ಯಾಂಕಿನ ಮೇಲೆ ಆ ಬಳೆಗಳಲ್ಲೊಂದರ ಹೆಸರಿನ ಮೊದಲ ತುಣುಕು ಬರೆದಿತ್ತು ಎಂದಾಯಿತು.

ಇದನ್ನು ಕೇಳಿಸಿಕೊಂಡವರು ಮುಂದಿನ ಸಲ ರಸ್ತೆಯಲ್ಲಿ ಆಡಿ ಕಾರನ್ನು ಕಂಡಾಗ ಮೈಸೂರನ್ನು ನೆನೆಯುತ್ತಾರೆ. ಒಗಟು ಫಲಿಸಿತು ಎನ್ನಲು ನನಗೆ ಅಷ್ಟು ಸಾಕು. ಅಂಥ ಒಗಟನ್ನು ಎಲ್ಲಿ ಹುಡುಕಬೇಕು, ಹೇಗೆ ಪರೀಕ್ಷಿಸಬೇಕು, ಹೇಗೆ ಕಟ್ಟಬೇಕು, ಗೆಳೆಯರ ನಡುವೆ ಹೇಗೆ ಇಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಎಲ್ಲಕ್ಕೂ ಬುನಾದಿಯಾಗಿ ನಾನು ಪಾಲಿಸುವ ನಿಯಮ ಒಂದೇ: ಎರಡು ತುದಿಗಳ ನಡುವೆ ಏನಾದರೂ ನಿಜವಾಗಿ ಕೈಯಿಂದ ಕೈಗೆ ದಾಟಿರಬೇಕು. ಅದು ಲೈಸೆನ್ಸ್ ಪತ್ರವಾಗಿರಬಹುದು, ಎಂಜಿನ್ ಆಗಿರಬಹುದು, ಒಂದು ಹೆಸರಾಗಿರಬಹುದು, ಎರಡೂ ಕಡೆ ದುಡಿದ ಒಬ್ಬ ಮನುಷ್ಯನಾಗಿರಬಹುದು.

ನಂಟು ಸಿಗುವ ಜಾಗಗಳು

ಹೆಸರಿನಿಂದ ಆರಂಭಿಸುವುದು ಹೊಸಬರಿಗೆ ಸುಲಭ. ಆಡಿಯನ್ನೇ ಮತ್ತೆ ತೆಗೆದುಕೊಳ್ಳಿ. ಆಗಸ್ಟ್ ಹೋರ್ಶ್ ತಾವು ಕಟ್ಟಿದ ಕಂಪನಿಯಿಂದ 1909ರಲ್ಲಿ ಹೊರಬಂದ ಮೇಲೆ ತಮ್ಮ ಹೆಸರನ್ನು ಹೊಸ ಕಂಪನಿಗೆ ಇಡುವ ಹಕ್ಕನ್ನೂ ಕಳೆದುಕೊಂಡರು. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ‘ಆಲಿಸು’ ಎಂಬ ಅರ್ಥವಿದೆ. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿದಾಗ ‘ಆಡಿ’ ಸಿಕ್ಕಿತು, ಅದನ್ನು ಸೂಚಿಸಿದವನು ಲ್ಯಾಟಿನ್ ಓದುತ್ತಿದ್ದ, ಅವರ ಪಾಲುದಾರರೊಬ್ಬರ ಮಗ. ಕನ್ನಡದಲ್ಲಿ ಈ ಒಗಟನ್ನು ಕೇಳುವಾಗ ‘ಯಾವ ಕಾರನ್ನು ಕಂಡರೂ ಅದು ಕೇಳು, ಕೇಳು ಎನ್ನುತ್ತದೆ?’ ಎಂದು ಕೇಳಬಹುದು. ಈ ರೂಪ ನಮ್ಮ ಹಳ್ಳಿಯ ಒಗಟಿನ ಜಾಡಿಗೇ ಸೇರಿದ್ದು.

ಎರಡನೆಯ ಜಾಗ, ಕಾರು ತಯಾರಿಸುವ ಮೊದಲು ಆ ಕಂಪನಿ ಏನು ಮಾಡುತ್ತಿತ್ತು ಎಂಬುದು. ಮಜ್ದಾ 1920ರಲ್ಲಿ ಹಿರೋಶಿಮಾದಲ್ಲಿ ಬಿರಡೆಯ ಕಾರ್ಖಾನೆಯಾಗಿ ಹುಟ್ಟಿತು. ಓಪೆಲ್ ಮೊದಲು ಹೊಲಿಗೆ ಯಂತ್ರ, ಆಮೇಲೆ ಸೈಕಲ್ ತಯಾರಿಸಿತು. ಟೊಯೋಟಾ ಹುಟ್ಟಿದ್ದು ಸಕಿಚಿ ಟೊಯೋಡಾ ಅವರ ಸ್ವಯಂಚಾಲಿತ ಮಗ್ಗದ ಕಾರ್ಖಾನೆಯೊಳಗೆ. 1933ರಲ್ಲಿ ಅಲ್ಲಿ ಮೋಟಾರು ವಿಭಾಗ ತೆರೆಯಿತು, 1937ರಲ್ಲಿ ಅದು ಬೇರೆ ಕಂಪನಿಯಾಯಿತು. ಲ್ಯಾಂಬೋರ್ಗಿನಿ ಮೊದಲು ಟ್ರ್ಯಾಕ್ಟರ್ ಮಾಡುತ್ತಿತ್ತು ಎಂಬುದು ಈಗ ಮಕ್ಕಳಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟುಬಿಡಿ.

ಮೂರನೆಯದು ಮನುಷ್ಯರ ದಾರಿ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮುಂಬಯಿಯ ಕಪ್ಪು-ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೂ ಬೆಂಗಳೂರಿನ ಎಚ್‌ಎಎಲ್‌ಗೂ ಏನು ಸಂಬಂಧ ಎಂದು ಕೇಳಿದರೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರೂ ತಬ್ಬಿಬ್ಬಾಗುತ್ತಾರೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಸ್ಥಾಪಿಸಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಈ ಮೋಟಾರು ಕಾರ್ಖಾನೆಯ ಕನಸಿನ ಹಿಂದೆ 1930ರ ದಶಕದಲ್ಲೇ ಅದಕ್ಕಾಗಿ ಯೋಜನೆ ಸಿದ್ಧಪಡಿಸಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದಾರೆ. ಫಿಯೆಟ್ 1100ರ ವಂಶದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ನಿವೃತ್ತಿಯಾದವು. ಆ ಟ್ಯಾಕ್ಸಿಯ ಕಥೆಯಲ್ಲಿ ಮುದ್ದೇನಹಳ್ಳಿಯ ಎಂಜಿನಿಯರರ ಪಾಲೂ ಇತ್ತೆಂದು ತಿಳಿದಾಗ ನನಗಾದ ಸಂತೋಷವನ್ನು ಇನ್ನೊಬ್ಬರಿಗೂ ದಾಟಿಸಬೇಕು ಎನ್ನಿಸಿದ್ದರಿಂದಲೇ ನಾನು ಈ ಒಗಟನ್ನು ಕಟ್ಟಿದ್ದು.

ಬಾದರಾಯಣ ಸಂಬಂಧವನ್ನು ದೂರವಿಡಿ

‘ನಮ್ಮ ಬಂಡಿಯ ಚಕ್ರ ಎಲಚಿ ಮರದ್ದು, ನಿಮ್ಮ ಮನೆಯ ಮುಂದೆಯೂ ಎಲಚಿ ಮರವಿದೆ, ಆದ್ದರಿಂದ ನಾವು ನೆಂಟರು’ ಎಂದು ಹೇಳಿ ಊಟ ಮಾಡಿ ಹೋದವನ ಕಥೆಯಿಂದ ‘ಬಾದರಾಯಣ ಸಂಬಂಧ’ ಎಂಬ ಮಾತು ಬಂತೆಂದು ಹಿರಿಯರು ಹೇಳುತ್ತಾರೆ. ಕಾರುಗಳ ಒಗಟಿನಲ್ಲಿ ಈ ಅಪಾಯ ಬಹಳ. ಎರಡು ಕಾರುಗಳ ದೀಪ ಒಂದೇ ರೀತಿ ಇದೆ, ಎರಡು ಕಂಪನಿಗಳು ಒಂದೇ ವರ್ಷ ಹುಟ್ಟಿದವು, ಇಬ್ಬರು ವಿನ್ಯಾಸಕಾರರ ಹೆಸರು ಒಂದೇ ಎಂಬವೆಲ್ಲ ಎಲಚಿ ಮರದ ನೆಂಟಸ್ತನವೇ. ಜಪಾನಿನ ಆರಂಭದ ಡಾಟ್ಸನ್ ಕಾರು ಇಂಗ್ಲೆಂಡಿನ ಆಸ್ಟಿನ್ ಸೆವೆನ್‌ನ ಪ್ರತಿ ಎಂಬ ಮಾತನ್ನು ಬಹಳ ಮಂದಿ ಹೇಳುತ್ತಾರೆ. ಹೋಲಿಕೆ ಇರುವುದು ನಿಜ, ಆದರೆ ಎಷ್ಟನ್ನು ಅಲ್ಲಿಂದ ತೆಗೆದುಕೊಂಡರು ಎಂಬುದು ವಿವಾದದ ವಿಷಯ, ಆದ್ದರಿಂದ ಅದು ಒಗಟಿಗೆ ತಕ್ಕದ್ದಲ್ಲ. ಅದರ ಬದಲು, ಡಾಟ್ಸನ್ ಕಾರುಗಳನ್ನು ತಯಾರಿಸುತ್ತಿದ್ದ ನಿಸ್ಸಾನ್ ಕಂಪನಿ 1952ರಲ್ಲಿ ಆಸ್ಟಿನ್‌ನೊಡನೆ ಒಪ್ಪಂದ ಮಾಡಿಕೊಂಡು ಆಸ್ಟಿನ್ ಎ40 ಕಾರನ್ನು ಜಪಾನಿನಲ್ಲಿ ಜೋಡಿಸಿತು ಎಂಬುದಕ್ಕೆ ಸಹಿಯಾದ ಕಾಗದವಿದೆ. ಎರಡೂ ಮಾತು ಅದೇ ಎರಡು ಕಂಪನಿಗಳದ್ದು. ಮೊದಲನೆಯದನ್ನು ಕೇಳಿದರೆ ಜಗಳವಾಗುತ್ತದೆ, ಎರಡನೆಯದನ್ನು ಕೇಳಿದರೆ ಎಲ್ಲರೂ ಒಂದಷ್ಟು ಕಲಿತು ಏಳುತ್ತಾರೆ.

ನಾನು ಈ ಪಾಠವನ್ನು ಕಲಿತದ್ದು ತಪ್ಪು ಮಾಡಿಯೇ. ಹಲವು ವರ್ಷಗಳ ಹಿಂದೆ ಒಂದು ಭಾನುವಾರದ ಕೂಟದಲ್ಲಿ, ಲಂಡನ್ನಿನ ಅಂಗಡಿಯಲ್ಲಿ ಅವಮಾನವಾಯಿತೆಂದು ಅಲ್ವರ್ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಕಸ ಗುಡಿಸಲು ಹಚ್ಚಿದರೆಂಬ ಕಥೆಯನ್ನು ಒಗಟಾಗಿಸಿ ಕೇಳಿದೆ. ಉತ್ತರ ಹೇಳಿದ ಕೂಡಲೇ ಒಬ್ಬ ಹಿರಿಯರು ‘ಅದು ಭರತಪುರದವರಲ್ಲವೇನಪ್ಪಾ?’ ಎಂದರು, ಇನ್ನೊಬ್ಬರು ಪಟಿಯಾಲಾ ಎಂದರು, ಮತ್ತೊಬ್ಬರು ಹೈದರಾಬಾದ್ ಎಂದರು. ಎಲ್ಲರೂ ತಾವು ಎಲ್ಲೋ ಓದಿದ್ದನ್ನೇ ಹೇಳುತ್ತಿದ್ದರು. ಒಂದೇ ಕಥೆ ನಾಲ್ಕು ಊರುಗಳ ಹೆಸರಿನಲ್ಲಿ ಓಡಾಡುತ್ತಿದ್ದರೆ ಅದಕ್ಕೆ ಊರೇ ಇಲ್ಲವೆಂದು ತಿಳಿಯಬೇಕು ಎಂಬುದು ಅಂದು ಮನದಟ್ಟಾಯಿತು. ಅಂದಿನಿಂದ ನಾನು ಒಂದನ್ನೊಂದು ನೋಡಿ ಬರೆಯದ ಎರಡು ಆಧಾರಗಳು ಸಿಗುವ ತನಕ ಯಾವ ಒಗಟನ್ನೂ ಹೊರಗೆ ಇಡುವುದಿಲ್ಲ. ಕಂಪನಿಯೇ ಅಚ್ಚು ಹಾಕಿಸಿದ ಹಳೆಯ ಕೈಪಿಡಿ, ಪೇಟೆಂಟ್ ಕಾಗದ, ವಸ್ತುಸಂಗ್ರಹಾಲಯದ ಫಲಕ, ಚಾಸಿಯ ಮೇಲಿನ ಲೋಹದ ಪಟ್ಟಿ, ಹಳೆಯ ಆರ್‌ಸಿ ಪುಸ್ತಕ ಇವೆಲ್ಲ ಒಳ್ಳೆಯ ಆಧಾರಗಳು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳ ನಡುವೆ ಒಂದು ದಿನ ಪುಸ್ತಕ ಹಿಡಿದು ನಿಧಾನವಾಗಿ ತಿರುಗಿದರೆ ವರ್ಷಕ್ಕಾಗುವಷ್ಟು ಒಗಟುಗಳಿಗೆ ಬೀಜ ಸಿಗುತ್ತದೆ.

ಪ್ರಶ್ನೆಯನ್ನು ಕಟ್ಟುವುದು

ನಂಟು ನಿಜವಾಗಿದ್ದರೂ ಪ್ರಶ್ನೆ ಕೆಡಬಹುದು. ‘ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ ಯಾವ ಕಂಪನಿ ಕೊಂಡಿತು?’ ಎಂದು ಕೇಳಿದರೆ ಅದು ನೆನಪಿನ ಪರೀಕ್ಷೆ, ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಕೈಕಟ್ಟಿ ಕೂರುತ್ತಾರೆ. ಅದೇ ವಿಷಯವನ್ನು ಹೀಗೆ ತಿರುಗಿಸಿ: ‘ಅಡುಗೆಮನೆಯಲ್ಲಿ ಕರಿಮೆಣಸು ಪುಡಿಮಾಡುವ ಕೈಗಿರಣಿ, ಪೋರ್ಶೆ 911, ನಮ್ಮ ಅಂಬಾಸಿಡರ್, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಹೆಸರು ಯಾವುದು?’ ಈಗ ಯಾವ ತುದಿಯಿಂದ ಬೇಕಾದರೂ ಒಳಗೆ ಹೋಗಬಹುದು. ಅಡುಗೆ ಬಲ್ಲವರು ಒಂದು ಕಡೆಯಿಂದ, ಪೋರ್ಶೆ ಬಲ್ಲವರು ಇನ್ನೊಂದು ಕಡೆಯಿಂದ, ಪತ್ರಿಕೆ ಓದುವವರು ಮತ್ತೊಂದು ಕಡೆಯಿಂದ ಬಂದು ನಡುವೆ ಸೇರುತ್ತಾರೆ. ಮೂವರು ಸೇರಿ ಬಿಡಿಸಿದ ಒಗಟು ಒಬ್ಬರೇ ಬಿಡಿಸಿದ್ದಕ್ಕಿಂತ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.

ಸುಳಿವುಗಳನ್ನು ದೂರದಿಂದ ಹತ್ತಿರಕ್ಕೆ ತರಬೇಕು. ಈ ಒಗಟಿಗೆ ನಾನು ಇಡುವ ಮೊದಲ ಸುಳಿವು, 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಆ ಪೋರ್ಶೆಯ ಅಂಕಿ 911 ಆಗಿರಲಿಲ್ಲ ಎಂಬುದು. ಯಾರೂ ಹೇಳದಿದ್ದರೆ ಎರಡನೆಯದು: ಅದರ ಮೊದಲ ಹೆಸರು 901, ತಕರಾರು ಬಂದದ್ದು ನಡುವಿನ ಸೊನ್ನೆಯ ಮೇಲೆ. ಇಲ್ಲಿಗೆ ಸಾಮಾನ್ಯವಾಗಿ ಒಬ್ಬರಾದರೂ 203, 404, 504 ಎಂಬ ಹೆಸರುಗಳನ್ನು ನೆನೆದು ಪ್ಯೂಜೋ ಎಂದು ಕೂಗುತ್ತಾರೆ. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನ್ನವೆಂದು ಪ್ಯೂಜೋ ಹೇಳಿದ್ದರಿಂದ ಪೋರ್ಶೆ 1964ರಲ್ಲಿ ಸೊನ್ನೆಯನ್ನು ಒಂದಾಗಿಸಿತು. ಮೆಣಸಿನ ಗಿರಣಿಯನ್ನು ಪ್ಯೂಜೋ 1874ರಿಂದ ತಯಾರಿಸುತ್ತ ಬಂದಿದೆ, ಅದಕ್ಕೂ ಮೊದಲು ಕಾಫಿ ಗಿರಣಿಯನ್ನೂ ಗರಗಸದ ಅಲಗನ್ನೂ ಮಾಡುತ್ತಿತ್ತು. ಕಾರಿನ ಮೇಲಿರುವ ಸಿಂಹ ಮೊದಲು ನಿಂತದ್ದು ಗರಗಸದ ಮೇಲೆ. ಅಂಬಾಸಿಡರ್ ಹೆಸರು ಅದೇ ಪ್ಯೂಜೋಗೆ 80 ಕೋಟಿ ರೂಪಾಯಿಗೆ ಮಾರಾಟವಾಯಿತು. ಉತ್ತರ ಹೇಳುವಾಗ ಈ ಮೂರೂ ಎಳೆಗಳನ್ನು ಬಿಡಿಸಿ ತೋರಿಸುವುದು ಪ್ರಶ್ನೆ ಕೇಳಿದವರ ಕರ್ತವ್ಯ. ಬರೀ ಹೆಸರನ್ನು ಹೇಳಿ ಮುಂದಿನ ಪ್ರಶ್ನೆಗೆ ಹೋದರೆ ಕಟ್ಟಿದ ಶ್ರಮವೆಲ್ಲ ವ್ಯರ್ಥ.

ಚುಟುಕಾದ ರೂಪಕ್ಕೂ ಕನ್ನಡ ಚೆನ್ನಾಗಿ ಒಗ್ಗುತ್ತದೆ. ‘ಮಗ್ಗಕ್ಕೂ ನೇಗಿಲಿಗೂ ಮದುವೆಯಾಗಿ ಕಾರು ಹುಟ್ಟಿದ ಊರು ಯಾವುದು?’ ಉತ್ತರ ಬಿಡದಿ. ಮಗ್ಗ ಟೊಯೋಡಾ ಮನೆತನದ್ದು. ನೇಗಿಲು, ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದು ಮುಂದೆ ಕಬ್ಬಿಣದ ನೇಗಿಲು ತಯಾರಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರದು. ಎರಡು ಹೆಸರುಗಳೂ ಸೇರಿದ ಟೊಯೋಟಾ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ಕ್ವಾಲಿಸ್ ತಯಾರಿಸಿತು. ಕ್ವಾಲಿಸ್ ಇನ್ನೂ ಹಳೆಯ ಕಾರುಗಳ ಪಂಕ್ತಿಗೆ ಬಂದಿಲ್ಲವಾದರೂ ಅದರ ಬೇರು ಬಹಳ ಹಳೆಯದಾದ್ದರಿಂದ ನಾನು ಈ ಒಗಟನ್ನು ಬಿಡಲಾರೆ.

ಉದ್ದದ ಸರಪಳಿ

ಎರಡು ತುದಿಯ ಒಗಟು ಕೈಗೆ ಹತ್ತಿದ ಮೇಲೆ ಹಲವು ಕೊಂಡಿಗಳ ಸರಪಳಿಯನ್ನು ಕಟ್ಟಲು ಪ್ರಯತ್ನಿಸಬಹುದು. ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಸಾಮಗ್ರಿ 1922ರಲ್ಲಿ ಹುಟ್ಟಿದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು. ಪ್ರಶ್ನೆ ಹೀಗಿದೆ: ಬೆಂಗಳೂರಿನಲ್ಲಿ 1980ರ ದಶಕದಲ್ಲಿ ತಯಾರಾದ ಸಿಪಾನಿ ಡಾಲ್ಫಿನ್ ಕಾರಿನಿಂದ ಹೊರಟು ಬಿಎಂಡಬ್ಲ್ಯುವಿನ ಮೊದಲ ಕಾರಿಗೆ ಹೋಗಿ ತಲುಪಿರಿ.

ಡಾಲ್ಫಿನ್ ಕಾರು ಕೂಟದಲ್ಲಿ ಇದ್ದರೆ ಮೊದಲ ಸುಳಿವನ್ನು ಬಾಯಲ್ಲಿ ಹೇಳಬೇಕಾಗಿಲ್ಲ. ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಎಂದರೆ ಸಾಕು. ತಗಡಿನ ಠಣ್ ಎಂಬ ಸದ್ದು ಬರುವುದಿಲ್ಲ, ಪ್ಲಾಸ್ಟಿಕ್ ಬಕೆಟ್ ತಟ್ಟಿದಂಥ ಮಂದವಾದ ಸದ್ದು ಬರುತ್ತದೆ, ಏಕೆಂದರೆ ಅದರ ಮೈ ಫೈಬರ್‌ಗ್ಲಾಸಿನದು. ಫೈಬರ್ ಮೈಯ ಸಣ್ಣ ಕಾರುಗಳಿಗೆ ಇಂಗ್ಲೆಂಡಿನಲ್ಲಿ ಹೆಸರಾದ ಕಂಪನಿ ಟ್ಯಾಮ್‌ವರ್ತ್ ಊರಿನ ರಿಲಯಂಟ್, ಅದರ ಕಿಟನ್ ಕಾರೇ ನಮ್ಮ ಡಾಲ್ಫಿನ್. ರಿಲಯಂಟ್ ಶುರುವಾದ ಕಾಲದಲ್ಲಿ ಮೂರು ಗಾಲಿಯ ವ್ಯಾನು ಮಾಡುತ್ತಿತ್ತು, ಕೆಲವು ವರ್ಷಗಳಲ್ಲೇ ಅದಕ್ಕೆ ಆಸ್ಟಿನ್ ಸೆವೆನ್‌ನ ಎಂಜಿನ್ ಹಾಕತೊಡಗಿತು, ಆಸ್ಟಿನ್ ಆ ಎಂಜಿನ್ನನ್ನು ನಿಲ್ಲಿಸಿದ ಮೇಲೆ ಅದೇ ಜಾಡಿನಲ್ಲಿ ತಾನೇ ಒಂದನ್ನು ತಯಾರಿಸಿಕೊಂಡಿತು. ಇನ್ನೊಂದು ಕಡೆ ಜರ್ಮನಿಯ ಐಸೆನಾಖ್ ಊರಿನ ಕಾರ್ಖಾನೆಯೊಂದು ಆಸ್ಟಿನ್ ಸೆವೆನ್ ಅನ್ನು ಲೈಸೆನ್ಸ್ ಪಡೆದು ‘ಡಿಕ್ಸಿ’ ಎಂಬ ಹೆಸರಿನಲ್ಲಿ ಕಟ್ಟುತ್ತಿತ್ತು. ವಿಮಾನದ ಎಂಜಿನ್ ಮತ್ತು ಮೋಟಾರ್‌ಸೈಕಲ್ ಮಾಡುತ್ತಿದ್ದ ಬಿಎಂಡಬ್ಲ್ಯು 1928ರಲ್ಲಿ ಆ ಕಾರ್ಖಾನೆಯನ್ನು ಕೊಂಡು ಕಾರು ತಯಾರಿಕೆಗೆ ಇಳಿಯಿತು.

ಈ ಒಂದು ಕಾರಿನ ಕೊಂಬೆಗಳು ಇನ್ನೂ ಬಹಳ ಇವೆ. ವಿಲಿಯಂ ಲಯನ್ಸ್ 1927ರಲ್ಲಿ ಆಸ್ಟಿನ್ ಸೆವೆನ್‌ಗೆ ಸೊಗಸಾದ ಮೈಯನ್ನು ಕಟ್ಟಿದರು, ಅವರ ಕಂಪನಿ ಮುಂದೆ ಜಾಗ್ವಾರ್ ಆಯಿತು. ಲೋಟಸ್‌ನ ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊದಲ ಕಾರಿಗೆ ಆಧಾರ ಅದೇ. ಮುಂದೆ ತಮ್ಮ ಹೆಸರಿನ ರೇಸ್ ತಂಡವನ್ನು ಕಟ್ಟಿದ ಬ್ರೂಸ್ ಮೆಕ್ಲಾರೆನ್ ರೇಸಿನ ಪಾಠ ಕಲಿತದ್ದೂ ಅದರಲ್ಲೇ. ಅಮೆರಿಕದಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪನಿ ಬ್ಯಾಂಟಮ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆದು 1940ರಲ್ಲಿ ಸೈನ್ಯಕ್ಕೆ ಮೊಟ್ಟಮೊದಲ ಜೀಪಿನ ಮಾದರಿಯನ್ನು ಕಟ್ಟಿಕೊಟ್ಟಿತು. 1959ರಲ್ಲಿ ಮಿನಿ ಬಂದಾಗ ಆಸ್ಟಿನ್ ಅಂಗಡಿಗಳಲ್ಲಿ ಅದನ್ನೂ ‘ಸೆವೆನ್’ ಎಂದೇ ಮಾರಿದರು. ಆ ಮಿನಿಯ ಹೆಸರು ಇಂದು ಬಿಎಂಡಬ್ಲ್ಯುವಿನ ಸ್ವತ್ತು. ಹೀಗೆ ಸರಪಳಿ ಮತ್ತೆ ಬಿಎಂಡಬ್ಲ್ಯುವಿಗೇ ಬಂದು ಕೂಡುತ್ತದೆ. ಇಷ್ಟನ್ನೂ ಒಂದೇ ದಿನ ಕೇಳಬೇಡಿ. ಒಂದು ಕೂಟಕ್ಕೆ ಎರಡು ಕೊಂಡಿ ಸಾಕು, ಉಳಿದದ್ದು ಮುಂದಿನ ಸಲಕ್ಕೆ ಇರಲಿ.

ಹಂಚಿಕೊಳ್ಳುವಾಗ

ಒಗಟನ್ನು ಕಾರಿನ ಪಕ್ಕದಲ್ಲಿ ನಿಂತು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಬಾನೆಟ್ ತೆರೆದಿರಲಿ, ಎಂಜಿನ್ ತಣ್ಣಗಿರಲಿ, ಬಿಡಿಸುವವರು ಮುಟ್ಟಿ ನೋಡಲಿ. ಕಾರಿನ ಮಾಲೀಕರ ಅನುಮತಿಯನ್ನು ಮೊದಲೇ ಪಡೆದಿರಬೇಕು, ಮತ್ತು ಅವರ ಕಾರಿನ ಬಗ್ಗೆ ಪ್ರಶ್ನೆಯಿದ್ದರೆ ಉತ್ತರವನ್ನು ಅವರ ಬಾಯಿಂದಲೇ ಹೇಳಿಸುವುದು ಮರ್ಯಾದೆ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಕೊಟ್ಟು, ಆಮೇಲೆ ಸುಳಿವು ಕೊಡಲು ಶುರುಮಾಡಿ. ಗ್ಯಾರೇಜಿನ ಹುಡುಗರನ್ನೂ ಮಕ್ಕಳನ್ನೂ ಮುಂದೆ ಕರೆಯಿರಿ. ಪುಸ್ತಕ ಓದಿದವರಿಗೆ ಹೊಳೆಯದ್ದು, ದಿನವೂ ಸ್ಪ್ಯಾನರ್ ಹಿಡಿಯುವವರಿಗೆ ಹೊಳೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕೆಲವು ನಂಟುಗಳನ್ನು ಆಟದ ಉತ್ಸಾಹದಿಂದ ಕೇಳಬಾರದು. ರೋಲ್ಸ್ ರಾಯ್ಸ್ ಕಾರಿನ ಮುಂದೆ ರೆಕ್ಕೆ ಬಿಚ್ಚಿ ನಿಂತಿರುವ ಪ್ರತಿಮೆಯನ್ನು ಚಾರ್ಲ್ಸ್ ಸೈಕ್ಸ್ 1911ರಲ್ಲಿ ರೂಪಿಸಿದರು, ಅದಕ್ಕೆ ಮಾದರಿಯೆಂದು ಹೇಳಲಾಗುವ ಎಲೀನರ್ ಥಾರ್ನ್‌ಟನ್ ಭಾರತಕ್ಕೆ ಬರುತ್ತಿದ್ದ ಪರ್ಷಿಯಾ ಎಂಬ ಹಡಗಿನಲ್ಲಿದ್ದರು. 1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಬಳಿ ಆ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಅವರು ಮುಳುಗಿ ತೀರಿಕೊಂಡರು. ಇದನ್ನು ನಾನು ಅಂಕ ಎಣಿಸುವ ಪ್ರಶ್ನೆಯಾಗಿ ಎಂದೂ ಕೇಳಿಲ್ಲ, ಕೂಟ ಮುಗಿಯುವ ಹೊತ್ತಿಗೆ ಆ ಕಾರಿನ ಎದುರು ನಿಂತು ಹೇಳಿದ್ದೇನೆ.

ಕೊನೆಯದಾಗಿ, ಕೇಳಿದ ಒಗಟುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಎಡ ಪುಟದಲ್ಲಿ ಪ್ರಶ್ನೆ ಮತ್ತು ಸುಳಿವುಗಳು, ಬಲ ಪುಟದಲ್ಲಿ ಉತ್ತರ, ಎರಡು ಆಧಾರಗಳು, ಯಾರು ಬಿಡಿಸಿದರು, ಯಾರು ತಿದ್ದಿದರು ಎಂಬ ವಿವರ ಇರಲಿ. ತಿದ್ದಿದವರ ಹೆಸರನ್ನು ಬಿಡಿಸಿದವರ ಹೆಸರಿಗಿಂತ ದೊಡ್ಡದಾಗಿ ಬರೆಯುವುದು ನನ್ನ ರೂಢಿ. ನನ್ನ ಪುಸ್ತಕದ ಇತ್ತೀಚಿನ ಎಡ ಪುಟದಲ್ಲಿರುವುದು ಇದು: ಹಿರೋಶಿಮಾದ ಕಾರಿನ ಹೆಸರೂ, ಮೈಸೂರಿನ ಜಾವಾ 1973ರಿಂದ ತೊಟ್ಟ ಹೊಸ ಹೆಸರೂ ಒಂದೇ ಧರ್ಮದ ನೆಲೆಯತ್ತ ಬೆರಳು ತೋರುತ್ತವೆ, ಆ ನೆಲೆ ಯಾವುದು? ಬಲ ಪುಟದಲ್ಲಿ ಬರೆದಿರುವುದು: ಜರತುಷ್ಟ್ರ ಧರ್ಮ. ಮಜ್ದಾ ಎಂಬುದು ಅಹುರ ಮಜ್ದಾ ಎಂಬ ದೇವರ ಹೆಸರು, ಸ್ಥಾಪಕ ಮಾತ್ಸುದಾ ಅವರ ಹೆಸರಿಗೂ ಹೊಂದಿಕೊಂಡದ್ದು. ಯೆಜ್ಡಿ ಎಂಬುದು ಆ ಧರ್ಮದವರು ತಲೆಮಾರುಗಳಿಂದ ನೆಲೆಸಿದ ಇರಾನಿನ ಯಜ್ದ್ ನಗರವನ್ನು ನೆನಪಿಸುವ ಹೆಸರು, ಮೈಸೂರಿನ ಕಾರ್ಖಾನೆಯನ್ನು ನಡೆಸಿದ್ದು ಇರಾನಿ ಮನೆತನ. ಅದರ ಕೆಳಗೆ, ಬಿಡಿಸಿದವರ ಹೆಸರಿಗೆಂದು ಬಿಟ್ಟ ಸಾಲು ಇನ್ನೂ ಖಾಲಿಯಿದೆ.